ಮೂವತ್ತೊಂದರ ಕೋಚ್, ಮೂವತ್ತೆಂಟರ ಆಟಗಾರ: ಹೊಸ ಹೆಡ್ ಕೋಚ್ ಬಂದರೆ ತಂಡದಲ್ಲಿ ಏನು ಬದಲಾಗುತ್ತದೆ?

ಮಳೆಗಾಲದ ಮೀನುಗಾರಿಕೆ ನಿಷೇಧ ಜೂನ್ 1ಕ್ಕೆ ಶುರುವಾಗಿ ಜುಲೈ 31ಕ್ಕೆ ಮುಗಿಯುತ್ತದೆ. ಆ ಎರಡು ತಿಂಗಳು ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ಆತುಕೊಂಡು ನಿಂತಿರುತ್ತವೆ. ಬಲೆಗಳ ರಿಪೇರಿ ನಡೆಯುತ್ತದೆ. ಮುಂದಿನ ಸೀಸನ್ನಿಗೆ ಯಾವ ಬೋಟಿಗೆ ಯಾರು ತಾಂಡೇಲ, ಅಂದರೆ ಬೋಟು ನಡೆಸುವ ಮುಖ್ಯಸ್ಥ, ಎಂಬ ಮಾತುಕತೆಯೂ ಆಗಲೇ. ಯುರೋಪಿನ ಫುಟ್ಬಾಲಿಗೂ ರಜೆ ಸರಿಸುಮಾರು ಇದೇ ಹೊತ್ತಿಗೆ ಬರುತ್ತದೆ. ಅಲ್ಲಿಯ ಕ್ಲಬ್ಬುಗಳು ಹಳೆಯ ಕೋಚನ್ನು ಕಳಿಸಿ ಹೊಸಬನನ್ನು ತರುವುದೂ ಹೆಚ್ಚಾಗಿ ಈ ದಿನಗಳಲ್ಲೇ.

ಹೀಗಾಗಿ ಕೋಡಿಬಾಗದ ಚಾದಂಗಡಿಯಲ್ಲಿ ಬಂಗಡೆ ದರದ ಮಾತಿಗೆ ರಜೆ ಸಿಕ್ಕಾಗ ಫುಟ್ಬಾಲಿನ ಮಾತು ಬರುತ್ತದೆ. ಕಾಲೇಜು ಹುಡುಗನೊಬ್ಬ ಮೊಬೈಲು ಹಿಡಿದುಕೊಂಡೇ ಒಳಗೆ ಬಂದ. "ಮಾಮ, ನಮ್ ಟೀಮಿಗೆ ಹೊಸ ಕೋಚ್ ಬಂದ. ಬರೀ ಮೂವತ್ತೆರಡು ವರ್ಷ!" ಬೆಂಚಿನ ಮೇಲಿದ್ದ ನಿವೃತ್ತ ಮಾಸ್ತರರು ಬನ್ಸ್ ಮುರಿಯುತ್ತ ಕೇಳಿದರು: "ಮೂವತ್ತೆರಡಕ್ಕೆ ಅವ ಆಡೂದು ಬಿಟ್ಟು ಕೋಚ್ ಎಂತಕ್ಕೆ ಆದ?" ಹುಡುಗ ನಕ್ಕುಬಿಟ್ಟ. ಉತ್ತರ ಮಾತ್ರ ಕೊಡಲಿಲ್ಲ. ಯಾವ ಕ್ಲಬ್ಬು ಅಂತ ನಾನು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಬೇರೆ ಕ್ಲಬ್ಬಿನ ಅಭಿಮಾನಿಗಳು ಜಗಳಕ್ಕೆ ಬರುತ್ತಾರೆ. ಆದರೆ ಮಾಸ್ತರರ ಪ್ರಶ್ನೆ ಸರಿಯಾದದ್ದೇ. ಮಕ್ಕಳು ರಾತ್ರಿ ಒಂದೂವರೆಗೆ ಎದ್ದು ನೋಡುವ ಆಟದಲ್ಲಿ ಈ ಕೋಚ್ ಎಂಬವ ಯಾರು, ಅವನ ಮೇಲೆ ಇಷ್ಟು ಆಸೆ ಯಾಕೆ ಎಂದು ಕೇಳುವ ಅಪ್ಪ-ಅಮ್ಮಂದಿರಿಗೂ ಸೇರಿಸಿ ಈ ಬರಹ.

ಕ್ರಿಕೆಟ್ ಕಣ್ಣಿಗೆ ಕಾಣದ್ದು

ನಾವೆಲ್ಲ ಕ್ರಿಕೆಟ್ ನೋಡಿ ಬೆಳೆದವರು. ಕ್ರಿಕೆಟ್ಟಿನಲ್ಲಿ ಮೈದಾನದ ಯಜಮಾನ ನಾಯಕ. ಯಾರಿಗೆ ಓವರ್ ಕೊಡಬೇಕು, ಸ್ಲಿಪ್‌ನಲ್ಲಿ ಎಷ್ಟು ಜನ ನಿಲ್ಲಬೇಕು, ಎಲ್ಲವೂ ಅವನ ಕೈಯಲ್ಲಿ. ಪ್ರತಿ ಎಸೆತದ ನಡುವೆ ಯೋಚನೆಗೆ ಬಿಡುವು ಇದೆ. ಕೋಚ್ ಪೆವಿಲಿಯನ್ನಿನಲ್ಲಿ ಕುಳಿತು ಉಗುರು ಕಚ್ಚುತ್ತಾನೆ.

ಫುಟ್ಬಾಲ್ 45 ನಿಮಿಷ ಒಂದೇ ಸಮನೆ ಹರಿಯುವ ಆಟ. ಕಬಡ್ಡಿ, ಬಾಸ್ಕೆಟ್‌ಬಾಲಿನ ಹಾಗೆ ತಂಡ ಕೇಳಿ ಪಡೆಯುವ ಟೈಮ್ ಔಟ್ ಇಲ್ಲ. ನಾಯಕನ ತೋಳಿಗೊಂದು ಪಟ್ಟಿ ಇರುತ್ತದೆ, ಆದರೆ ಚೆಂಡು ಓಡುತ್ತಿರುವಾಗ ಅವನು ಹತ್ತು ಜನರನ್ನು ನಿಲ್ಲಿಸಿ ಜಾಗ ತೋರಿಸಲಾರ. ಹಾಗಾಗಿ ಯಾರು ಎಲ್ಲಿ ನಿಲ್ಲಬೇಕು, ಚೆಂಡು ಕಳೆದುಕೊಂಡ ಕೂಡಲೇ ಯಾರು ಯಾರ ಮೇಲೆ ಬೀಳಬೇಕು ಎಂಬುದನ್ನೆಲ್ಲ ವಾರವಿಡೀ ಅಭ್ಯಾಸ ಮಾಡಿ ಮೈಗೆ ಹತ್ತಿಸಿಕೊಂಡೇ ಇಳಿಯಬೇಕು. ಆ ವಾರದ ಕೆಲಸವೇ ಕೋಚ್‌ನ ಕೆಲಸ. ಪಂದ್ಯ ಶುರುವಾದ ಮೇಲೆ ಅವನ ಕೈಯಲ್ಲಿ ಉಳಿಯುವುದು ಕಡಿಮೆ: ಅಂಚಿನಲ್ಲಿ ನಿಂತು ಕೂಗುವುದು, 15 ನಿಮಿಷದ ವಿರಾಮದಲ್ಲಿ ತಿದ್ದುವುದು, ಐದು ಬದಲಿ ಆಟಗಾರರನ್ನು ಇಳಿಸುವುದು. ಆ ಐದನ್ನೂ ಆಟ ನಡೆಯುವಾಗ ಮೂರು ಸಲಕ್ಕಿಂತ ಹೆಚ್ಚು ಆಟ ನಿಲ್ಲಿಸಿ ಮಾಡುವಂತಿಲ್ಲ.

ಟಿವಿಯಲ್ಲಿ ಅವನು ಕೈಕೈ ಹಿಸುಕಿಕೊಳ್ಳುವುದು ಕಾಣುತ್ತದಲ್ಲ, ಆ ಹೊತ್ತಿಗೆ ಅವನ ಮುಖ್ಯ ಕೆಲಸ ಮುಗಿದುಹೋಗಿರುತ್ತದೆ.

ಬೋಟಿನ ಮಾಲೀಕ, ಬೋಟಿನ ತಾಂಡೇಲ

ಸುದ್ದಿಯಲ್ಲಿ ಕೆಲವರನ್ನು ಮ್ಯಾನೇಜರ್ ಅನ್ನುತ್ತಾರೆ, ಕೆಲವರನ್ನು ಹೆಡ್ ಕೋಚ್ ಅನ್ನುತ್ತಾರೆ. ಎರಡೂ ಒಂದೇ ಅಂದುಕೊಂಡವರೇ ಹೆಚ್ಚು. ಬಂದರಿಗೆ ಹೋಗಿ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ.

ಬೋಟು, ಎಂಜಿನ್ನು, ಬಲೆ, ಡೀಸೆಲ್ಲು ಇವೆಲ್ಲ ಮಾಲೀಕನ ಖರ್ಚು. ಎಷ್ಟು ಮಾರಿನಲ್ಲಿ ಬಲೆ ಬಿಡಬೇಕು, ಎಲ್ಲಿ ತಿರುಗಬೇಕು, ಯಾವಾಗ ಎಳೆಯಬೇಕು ಎಂಬುದು ತಾಂಡೇಲನ ತೀರ್ಮಾನ. ಹಳೆಯ ಕಾಲದ ಇಂಗ್ಲಿಷ್ ಮ್ಯಾನೇಜರ್ ತಾಂಡೇಲನೂ ಹೌದು, ಅರ್ಧ ಮಾಲೀಕನೂ ಹೌದು. ಯಾವ ಆಟಗಾರನನ್ನು ಕೊಳ್ಳಬೇಕು, ಯಾರನ್ನು ಮಾರಬೇಕು ಎಂಬಲ್ಲೂ ಅವನದೇ ದೊಡ್ಡ ಮಾತು. ಮ್ಯಾಂಚೆಸ್ಟರ್ ಯುನೈಟೆಡ್‌ನ ಅಲೆಕ್ಸ್ ಫರ್ಗುಸನ್ ಈ ಪೈಕಿ. ಹೆಡ್ ಕೋಚ್ ಬರೀ ತಾಂಡೇಲ. ಆಟಗಾರರ ಖರೀದಿ ನೋಡಿಕೊಳ್ಳಲು ಸ್ಪೋರ್ಟಿಂಗ್ ಡೈರೆಕ್ಟರ್ ಎಂಬ ಬೇರೊಬ್ಬ ಅಧಿಕಾರಿ ಇರುತ್ತಾನೆ. ಜರ್ಮನಿ, ಸ್ಪೇನ್, ಇಟಲಿಯಲ್ಲಿ ಇದು ಮೊದಲಿನಿಂದ ಇದ್ದ ಪದ್ಧತಿ. ಈಗ ಇಂಗ್ಲೆಂಡಿಗೂ ಬಂದಿದೆ. ಲಿವರ್‌ಪೂಲ್‌ನಲ್ಲಿ ಯೂರ್ಗನ್ ಕ್ಲಾಪ್ ಮ್ಯಾನೇಜರ್ ಆಗಿದ್ದರು. 2024ರಲ್ಲಿ ಅವರ ಜಾಗಕ್ಕೆ ಬಂದ ಆರ್ನೆ ಸ್ಲಾಟ್ ಹೆಡ್ ಕೋಚ್. ಆರ್ಸೆನಲ್‌ನಲ್ಲಿ ಉಲ್ಟಾ ಆಯಿತು. ಮಿಕೆಲ್ ಅರ್ಟೆಟಾ 2019ರ ಡಿಸೆಂಬರಿನಲ್ಲಿ ಹೆಡ್ ಕೋಚ್ ಆಗಿ ಬಂದು, 2020ರಲ್ಲಿ ಮ್ಯಾನೇಜರ್ ಎಂಬ ಬಡ್ತಿ ಪಡೆದರು.

ಎಳೆಯ ಕೋಚ್‌ಗಳು ಹೆಚ್ಚಾಗಿರುವುದಕ್ಕೂ ಈ ಪದ್ಧತಿಗೂ ಸಂಬಂಧವಿದೆ. ಕೋಟಿಗಟ್ಟಲೆ ಹಣದ ವ್ಯವಹಾರ, ಏಜೆಂಟರ ಜೊತೆಗಿನ ಜಗ್ಗಾಟ ಇವನ್ನೆಲ್ಲ ಬೇರೆಯವರು ಹೊತ್ತುಕೊಂಡಾಗ ತರಬೇತಿಯೊಂದನ್ನೇ ಚೆನ್ನಾಗಿ ಬಲ್ಲ ಮೂವತ್ತರ ಆಸುಪಾಸಿನವನನ್ನು ನಂಬಿ ಕೂರಿಸಲು ಕ್ಲಬ್ಬಿಗೆ ಧೈರ್ಯ ಬರುತ್ತದೆ. ಅಭಿಮಾನಿಗಳು ಮರೆಯುವುದೂ ಇದನ್ನೇ. ಬಲೆ ಹರಿದಿದ್ದರೆ ತಾಂಡೇಲನನ್ನು ಬೈದು ಏನು ಬಂತು?

ಆಡದವನು ಕಲಿಸುವುದು ಹೇಗೆ?

ಈಗ ಮಾಸ್ತರರ ಪ್ರಶ್ನೆ. ಈ ಎಳೆಯ ಕೋಚ್‌ಗಳಲ್ಲಿ ಹಲವರು ಆಟ ಬಿಟ್ಟು ಬಂದವರಲ್ಲ, ಆಟವೇ ಅವರನ್ನು ಬಿಟ್ಟಿತ್ತು.

ಜರ್ಮನಿಯ ಯೂಲಿಯಾನ್ ನಾಗೆಲ್ಸ್‌ಮಾನ್ ಹುಟ್ಟಿದ್ದು 1987ರಲ್ಲಿ. ಮೊಣಕಾಲಿನ ಗಾಯದಿಂದ ಇಪ್ಪತ್ತರ ಹೊತ್ತಿಗೇ ಆಟ ಮುಗಿಯಿತು. ಆಗ ಆಗ್ಸ್‌ಬರ್ಗ್ ಕ್ಲಬ್ಬಿನ ಎರಡನೇ ತಂಡದ ಕೋಚ್ ಆಗಿದ್ದ ಥಾಮಸ್ ಟುಖೆಲ್ ಇವನಿಗೆ ಒಂದು ಕೆಲಸ ಹಚ್ಚಿದರು: ಎದುರಾಳಿಗಳ ಪಂದ್ಯ ನೋಡಿ ಬಂದು ವರದಿ ಕೊಡು. ಅಲ್ಲಿಂದ ಕಿರಿಯರ ತಂಡಗಳಿಗೆ ಕಲಿಸುತ್ತ ಹೋದವನು 2014ರಲ್ಲಿ ಹೋಫನ್‌ಹೈಮ್‌ನ 19 ವರ್ಷದೊಳಗಿನವರಿಗೆ ಜರ್ಮನ್ ಚಾಂಪಿಯನ್ ಪಟ್ಟ ಗೆಲ್ಲಿಸಿಕೊಟ್ಟ. 2016ರ ಫೆಬ್ರುವರಿಯಲ್ಲಿ ಹೋಫನ್‌ಹೈಮ್‌ನ ಹಿರಿಯ ತಂಡ ಲೀಗಿನ 18 ತಂಡಗಳಲ್ಲಿ 17ನೇ ಸ್ಥಾನದಲ್ಲಿತ್ತು. ಕೋಚ್ ಆಗಿದ್ದ 62ರ ಹ್ಯೂಬ್ ಸ್ಟೀವನ್ಸ್ ಹೃದಯದ ತೊಂದರೆಯಿಂದ ಹಿಂದೆ ಸರಿದರು. ಮುಂದಿನ ಸೀಸನ್ನಿಗೆಂದು ಗೊತ್ತುಮಾಡಿದ್ದ 28ರ ನಾಗೆಲ್ಸ್‌ಮಾನ್‌ನನ್ನು ಆಗಲೇ ಕರೆದು ಕೂರಿಸಿದರು. ಜರ್ಮನಿಯ ಅಗ್ರ ಲೀಗ್ ಬುಂಡೆಸ್‌ಲಿಗಾದ ಇತಿಹಾಸದಲ್ಲೇ ಅತಿ ಕಿರಿಯ ಕಾಯಂ ಕೋಚ್. ತಂಡ ಕೆಳಗಿನ ಲೀಗಿಗೆ ಬೀಳದೆ ಉಳಿಯಿತು, ಮರುವರ್ಷ ನಾಲ್ಕನೆಯದು, ಅದರ ಮರುವರ್ಷ ಮೂರನೆಯದು. ಹೋಫನ್‌ಹೈಮ್ ಅಂದರೆ ಸುಮಾರು ಮೂರು ಸಾವಿರ ಜನರ ಹಳ್ಳಿ. ನಮ್ಮ ಕಡೆಯ ಒಂದು ಮಧ್ಯಮ ಗಾತ್ರದ ಊರು ಅಂದುಕೊಳ್ಳಿ.

ಕೋಚ್ ಆಗಲು ಆಡಿದ ಹೆಸರಿಗಿಂತ ಬೇಕಾದದ್ದು ಲೈಸೆನ್ಸ್. ಯುರೋಪಿನಲ್ಲಿ ಸಿ, ಬಿ, ಎ ಎಂದು ಮೆಟ್ಟಿಲು ಹತ್ತಿ ಕೊನೆಗೆ ಪ್ರೊ ಲೈಸೆನ್ಸ್. ಭಾರತದಲ್ಲಿ ಅಖಿಲ ಭಾರತ ಫುಟ್ಬಾಲ್ ಫೆಡರೇಶನ್ ಇದನ್ನೇ ಡಿಯಿಂದ ಶುರುಮಾಡುತ್ತದೆ. ಲಾರಿ ಓಡಿಸಲು ಹೆವಿ ಲೈಸೆನ್ಸ್ ಬೇಕಲ್ಲ, ಹಾಗೆ ದೊಡ್ಡ ಲೀಗಿನಲ್ಲಿ ಮುಖ್ಯ ಕೋಚ್ ಆಗಲು ಪ್ರೊ ಬೇಕು. ಇಲ್ಲದಿದ್ದರೆ ದಂಡ. ಫ್ರಾನ್ಸಿನ ರೀಮ್ಸ್ ಕ್ಲಬ್ 2022ರ ಅಕ್ಟೋಬರಿನಲ್ಲಿ ವಿಲ್ ಸ್ಟಿಲ್ ಎಂಬ 30ರ ಹುಡುಗನಿಗೆ ತಂಡ ವಹಿಸಿತು. ಅವನ ಬಳಿ ಪ್ರೊ ಇರಲಿಲ್ಲ. ಪಂದ್ಯವೊಂದಕ್ಕೆ 25,000 ಯೂರೋ ದಂಡ ಕಟ್ಟುತ್ತಲೇ ಕ್ಲಬ್ಬು ಅವನನ್ನು ಉಳಿಸಿಕೊಂಡಿತು. ಲೀಗಿನ ಮೊದಲ 17 ಪಂದ್ಯಗಳಲ್ಲಿ ಅವನ ತಂಡ ಒಂದನ್ನೂ ಸೋಲಲಿಲ್ಲ. ಚಿಕ್ಕಂದಿನಲ್ಲಿ ಕಂಪ್ಯೂಟರಿನಲ್ಲಿ ಫುಟ್ಬಾಲ್ ಮ್ಯಾನೇಜರ್ ಎಂಬ ಆಟ ಆಡಿಯೇ ಈ ಹುಚ್ಚು ಹತ್ತಿತೆಂದು ಅವನೇ ಹೇಳಿಕೊಂಡಿದ್ದಾನೆ. ಇದನ್ನು ಮನೆಯಲ್ಲಿ ಮಕ್ಕಳಿಗೆ ಓದಿಹೇಳಬೇಡಿ, ಮೊಬೈಲು ಬಿಡಿಸುವುದು ಕಷ್ಟವಾದೀತು.

ಏಂಡಿ ಎಳೆದವರಿಗೆ ಪ್ರೆಸ್ಸಿಂಗ್ ಹೊಸದಲ್ಲ

ಎಳೆಯ ಕೋಚ್ ಬಂದಾಗಲೆಲ್ಲ ಕೇಳಿಬರುವ ಎರಡು ಪದ ಪ್ರೆಸ್ಸಿಂಗ್ ಮತ್ತು ಹೈ ಲೈನ್. ಇವೆರಡನ್ನು ಅರ್ಥಮಾಡಿಕೊಂಡರೆ ಇವತ್ತಿನ ಫುಟ್ಬಾಲು ಅರ್ಧ ಅರ್ಥವಾದ ಹಾಗೆ.

ಕಾರವಾರದ ಕಡಲತೀರದಲ್ಲಿ ಏಂಡಿ ಬಲೆ, ಅಂದರೆ ರಂಪಣಿ ಎಳೆಯುವುದನ್ನು ನೋಡಿದ್ದೀರಲ್ಲ? ದೋಣಿಯಲ್ಲಿ ಹೋಗಿ ಬಲೆಯನ್ನು ಅರ್ಧಚಂದ್ರದ ಹಾಗೆ ಬಿಟ್ಟು ಬರುತ್ತಾರೆ. ಎರಡೂ ತುದಿಯ ಹಗ್ಗ ದಡಕ್ಕೆ ಬರುತ್ತದೆ. ಆಮೇಲೆ ಎರಡು ಸಾಲು ಜನ ಒಂದೇ ಲಯದಲ್ಲಿ ಎಳೆಯಬೇಕು. ಒಂದು ಕಡೆಯವರು ಜೋರಾಗಿ, ಇನ್ನೊಂದು ಕಡೆಯವರು ಸಾವಕಾಶ ಎಳೆದರೆ ಬಲೆ ಓರೆಯಾಗಿ ಬಂಗಡೆ ಜಾರಿಹೋಗುತ್ತದೆ.

ಪ್ರೆಸ್ಸಿಂಗ್ ಅಂದರೆ ಇದೇ. ಎದುರಾಳಿಯ ಕಾಲಲ್ಲಿ ಚೆಂಡಿದ್ದಾಗ ನಮ್ಮ ಗೋಲಿನ ಹತ್ತಿರ ಕಾಯುತ್ತ ನಿಲ್ಲುವ ಬದಲು ಅವರ ಅಂಗಳಕ್ಕೇ ಹೋಗಿ ನಾಲ್ಕೈದು ಜನ ಒಟ್ಟಿಗೆ ಮುತ್ತುವುದು. ಪಾಸ್ ಕೊಡುವ ದಾರಿಗಳನ್ನೆಲ್ಲ ಮುಚ್ಚಿ ತಪ್ಪು ಮಾಡಿಸುವುದು. ಚೆಂಡು ಅಲ್ಲೇ ಸಿಕ್ಕರೆ ಗೋಲು ಕೂಗಳತೆಯ ದೂರ. ಆದರೆ ಒಬ್ಬ ತಡವಾಗಿ ಓಡಿದರೂ ಬಲೆಯಲ್ಲಿ ತೂತು.

ಹೈ ಲೈನ್ ಇದರ ಜೋಡಿ. ಮುಂದಿನವರು ಮುತ್ತಲು ಹೋದಾಗ ಹಿಂದಿನ ರಕ್ಷಕರೂ ಮೈದಾನದ ನಡುವಿನವರೆಗೆ ಬಂದು ಸಾಲಾಗಿ ನಿಲ್ಲಬೇಕು, ಇಲ್ಲವಾದರೆ ನಡುವೆ ದೊಡ್ಡ ಖಾಲಿ ಜಾಗ ಉಳಿಯುತ್ತದೆ. ಅವರ ಬೆನ್ನ ಹಿಂದೆ ಈಗ ಇಡೀ ಅರ್ಧ ಮೈದಾನ ಖಾಲಿ. ಅಲ್ಲಿಗೆ ನುಗ್ಗುವ ಎದುರಾಳಿಯನ್ನು ತಡೆಯುವುದು ಆಫ್‌ಸೈಡ್ ನಿಯಮ: ಜೊತೆಗಾರ ಪಾಸ್ ಒದೆಯುವ ಕ್ಷಣಕ್ಕೆ ಅವನು ರಕ್ಷಕರ ಸಾಲನ್ನು ದಾಟಿ ಮುಂದಿದ್ದರೆ ಆಟ ನಿಲ್ಲುತ್ತದೆ. ಸಾಲಿನಲ್ಲಿ ಒಬ್ಬ ಹಿಂದುಳಿದರೂ ಆ ರಕ್ಷಣೆ ಇಲ್ಲ.

ಇದನ್ನು ಕಲಿಯಲು ವಾರಗಳಲ್ಲ, ತಿಂಗಳುಗಳು ಬೇಕು. ಜುಲೈನಲ್ಲಿ ನಡೆಯುವ ಸೀಸನ್‌ಪೂರ್ವ ತರಬೇತಿಗೆ ಹೊಸ ಕೋಚ್ ಸಿಕ್ಕರೆ ಐದಾರು ವಾರ ಸಿಗುತ್ತದೆ. ನಡು ಸೀಸನ್ನಿನಲ್ಲಿ ಬಂದವನಿಗೆ ಮೂರು ದಿನಕ್ಕೊಂದು ಪಂದ್ಯ. ಕಲಿಸುವುದಕ್ಕೆ ಹೊತ್ತೇ ಇರುವುದಿಲ್ಲ. ಒಂದೇ ಕೋಚ್, ಒಂದೇ ವಿಧಾನ, ಆದರೂ ಜೂನಿನಲ್ಲಿ ಬಂದದ್ದಕ್ಕೂ ನವೆಂಬರಿನಲ್ಲಿ ಬಂದದ್ದಕ್ಕೂ ಫಲ ಬೇರೆ.

ಹಿರಿಯ ವೇಷಧಾರಿಗಳ ಎದುರು ಎಳೆಯ ಭಾಗವತ

ಯಕ್ಷಗಾನದಲ್ಲಿ ಭಾಗವತನೇ ಮೊದಲ ವೇಷಧಾರಿ ಎಂಬ ಮಾತಿದೆ. ಆಟ ಆಡಿಸುವವನು ಅವನು. ಆದರೆ ಇಪ್ಪತ್ತೈದರ ಭಾಗವತ ತಾಳ ಹಿಡಿದು ಕುಳಿತು, ಎದುರಿಗೆ ನಲವತ್ತು ವರ್ಷ ರಂಗದಲ್ಲಿ ಕುಣಿದ ಹಿರಿಯ ಕಲಾವಿದರು ಬಂದು ನಿಂತರೆ? ಪದ್ಯದ ನಡೆ ಅವರಿಗೆ ಹಿಡಿಸದಿದ್ದರೆ ಸಭೆಗೆ ಅದು ಕೂಡಲೇ ಗೊತ್ತಾಗುತ್ತದೆ.

ಪೋರ್ಚುಗಲ್‌ನ ಆಂಡ್ರೆ ವಿಲಾಸ್-ಬೋವಾಸ್ ಕಥೆ ಇದೇ. 2010-11ರಲ್ಲಿ 33ರ ವಯಸ್ಸಿನಲ್ಲಿ ಪೋರ್ಟೋ ತಂಡವನ್ನು ಲೀಗಿನಲ್ಲಿ ಒಂದೂ ಸೋಲಿಲ್ಲದೆ ಗೆಲ್ಲಿಸಿದ, ದೇಶದ ಕಪ್ಪನ್ನೂ ಯುರೋಪಿನ ಕ್ಲಬ್ಬುಗಳ ಎರಡನೇ ದರ್ಜೆಯ ಟೂರ್ನಿಯಾದ ಯುರೋಪಾ ಲೀಗನ್ನೂ ತಂದುಕೊಟ್ಟ. ಲಂಡನ್ನಿನ ಚೆಲ್ಸಿ ಪೋರ್ಟೋಗೆ ಸುಮಾರು 1.5 ಕೋಟಿ ಯೂರೋ ಪರಿಹಾರ ಕೊಟ್ಟು ಅವನನ್ನು ಬಿಡಿಸಿಕೊಂಡು ಬಂತು. ಅಲ್ಲಿದ್ದ ಲ್ಯಾಂಪಾರ್ಡ್, ದ್ರೋಗ್ಬಾ ಇಬ್ಬರೂ ಹೆಚ್ಚುಕಡಿಮೆ ಅವನದೇ ವಯಸ್ಸಿನವರು, ಗೆದ್ದು ಗೆದ್ದು ಹಣ್ಣಾದವರು. ಅವನು ತನ್ನ ಹೈ ಲೈನ್ ಹಿಡಿದ. ವೇಗ ತಗ್ಗಿದ್ದ ರಕ್ಷಕರಿಗೆ ಅದು ಒಗ್ಗಲಿಲ್ಲ. 2011ರ ಅಕ್ಟೋಬರಿನಲ್ಲಿ ಸ್ವಂತ ಮೈದಾನದಲ್ಲೇ ಆರ್ಸೆನಲ್ ಎದುರು 3-5ರಿಂದ ಸೋತರು; ನಾಯಕ ಜಾನ್ ಟೆರ್ರಿ ಕಾಲು ಜಾರಿ ಬಿದ್ದಾಗ ಬೆನ್ನ ಹಿಂದೆ ತಡೆಯುವವರೇ ಇರಲಿಲ್ಲ. ಲ್ಯಾಂಪಾರ್ಡ್‌ರನ್ನು ಬೆಂಚಿನಲ್ಲಿ ಕೂರಿಸಿದ್ದೂ ಒಳಗೊಳಗೆ ಹೊಗೆಯಾಡಿತು. 2012ರ ಮಾರ್ಚಿನಲ್ಲಿ ಕೆಲಸ ಹೋಯಿತು. ಅದೇ ಹಿರಿಯರು, ಸಹಾಯಕನಾಗಿದ್ದ ರೊಬೆರ್ಟೊ ಡಿ ಮಟೆಯೊ ಕೈಕೆಳಗೆ, ಎರಡೇ ತಿಂಗಳಲ್ಲಿ ಯುರೋಪಿನ ಕ್ಲಬ್ಬುಗಳ ಅತಿ ದೊಡ್ಡ ಕಪ್ಪಾದ ಚಾಂಪಿಯನ್ಸ್ ಲೀಗ್ ಗೆದ್ದರು.

ಇಂಗ್ಲೆಂಡಿನ ಕಡಲೂರು ಬ್ರೈಟನ್‌ನಲ್ಲಿ ಬೇರೆಯೇ ಆಯಿತು. 2024ರ ಜೂನಿನಲ್ಲಿ ಅವರು ತಂದ ಫಾಬಿಯಾನ್ ಹ್ಯೂರ್ಟ್‌ಸೆಲರ್‌ಗೆ ಆಗ 31. ಇಂಗ್ಲೆಂಡಿನ ಅಗ್ರ ಲೀಗಾದ ಪ್ರೀಮಿಯರ್ ಲೀಗಿನ ಅತಿ ಕಿರಿಯ ಕಾಯಂ ಹೆಡ್ ಕೋಚ್. ತಂಡದಲ್ಲಿದ್ದ ಜೇಮ್ಸ್ ಮಿಲ್ನರ್‌ಗೆ 38. ತನಗಿಂತ ಏಳು ವರ್ಷ ಕಿರಿಯನ ಮಾತು ಕೇಳಿಕೊಂಡು ಮಿಲ್ನರ್ ಆಡಿದರು. ಇಲ್ಲಿ ಕ್ಲಬ್ಬು ಮೊದಲೇ ತನ್ನ ಆಟದ ರೀತಿ ಇಂಥದ್ದು ಎಂದು ಗೊತ್ತುಮಾಡಿಕೊಂಡು, ಅದಕ್ಕೆ ಹೊಂದುವ ಕೋಚನ್ನು ಹುಡುಕಿತ್ತು. ಚೆಲ್ಸಿಯಲ್ಲಿ ಹೊಸ ಕೋಚ್ ಹಳೆಯ ತಂಡವನ್ನೇ ಬೇರೆ ದಿಕ್ಕಿಗೆ ತಿರುಗಿಸಬೇಕಿತ್ತು. ನನ್ನ ಮಟ್ಟಿಗೆ ಇಬ್ಬರ ವಯಸ್ಸಿಗಿಂತ ಈ ವ್ಯತ್ಯಾಸವೇ ದೊಡ್ಡದು.

ಮೊದಲ ತಿಂಗಳ ಗೆಲುವನ್ನು ಎಷ್ಟು ನಂಬಬೇಕು?

ಹೊಸ ಕೋಚ್ ಬಂದ ಕೂಡಲೇ ತಂಡ ಗೆಲ್ಲತೊಡಗುವುದನ್ನು ಅಭಿಮಾನಿಗಳು ಪದೇಪದೇ ಕಂಡಿದ್ದಾರೆ. ಹ್ಯೂರ್ಟ್‌ಸೆಲರ್ 2022ರ ಡಿಸೆಂಬರಿನಲ್ಲಿ ಜರ್ಮನಿಯ ಎರಡನೇ ದರ್ಜೆಯ ಸಾಂಕ್ಟ್ ಪೌಲಿ ತಂಡ ವಹಿಸಿಕೊಂಡಾಗ ಮೊದಲ ಹತ್ತು ಲೀಗ್ ಪಂದ್ಯಗಳನ್ನೂ ಗೆದ್ದಿದ್ದ. ಬ್ರೈಟನ್‌ಗೆ ಬಂದ ಮೊದಲ ತಿಂಗಳೇ, 2024ರ ಆಗಸ್ಟಿನಲ್ಲೇ, ತಿಂಗಳ ಶ್ರೇಷ್ಠ ಮ್ಯಾನೇಜರ್ ಪ್ರಶಸ್ತಿ.

ಇದರಲ್ಲಿ ಕೋಚ್‌ನ ಪಾಲೂ ಇದೆ, ಕಾಲದ ಪಾಲೂ ಇದೆ. ಬೋಟೊಂದಕ್ಕೆ ಸತತ ಒಂದು ವಾರ ಮೀನು ಬೀಳಲಿಲ್ಲ ಅಂತಿಟ್ಟುಕೊಳ್ಳಿ. ಮಾಲೀಕ ರೇಗಿ ತಾಂಡೇಲನನ್ನು ಬದಲಿಸಿದ. ಮರುದಿನ ಬಲೆ ತುಂಬಿತು. ಹೊಸ ತಾಂಡೇಲನ ಕೈಗುಣ ಅನ್ನುತ್ತೇವೆ. ಹಳಬನೇ ಇದ್ದಿದ್ದರೂ ಆ ದಿನ ಮೀನು ಬೀಳುತ್ತಿತ್ತೇನೋ ಎಂದು ಯಾರೂ ಕೇಳುವುದಿಲ್ಲ. ನೆದರ್ಲೆಂಡ್ಸ್‌ನ ಅರ್ಥಶಾಸ್ತ್ರಜ್ಞ ಬಾಸ್ ಟರ್ ವೀಲ್ ಇದನ್ನೇ ಕೇಳಿದರು. ತಮ್ಮ ದೇಶದ ಲೀಗಿನ 1986ರಿಂದ 2004ರವರೆಗಿನ ಲೆಕ್ಕ ತೆಗೆದು, ಕೆಟ್ಟ ಕಾಲದಲ್ಲಿ ಕೋಚನ್ನು ಬದಲಿಸಿದ ತಂಡಗಳನ್ನೂ ಅಷ್ಟೇ ಕೆಟ್ಟ ಕಾಲದಲ್ಲಿ ಬದಲಿಸದೆ ಉಳಿದ ತಂಡಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಬದಲಿಸಿದವರು ಸುಧಾರಿಸಿದ್ದರು. ಬದಲಿಸದವರೂ ಸುಧಾರಿಸಿದ್ದರು.

ಅದೇ ಬ್ರೈಟನ್ 2025ರ ಫೆಬ್ರುವರಿ 1ರಂದು ನಾಟಿಂಗ್‌ಹ್ಯಾಮ್ ಫಾರೆಸ್ಟ್ ಎದುರು 0-7ರಿಂದ ಸೋತಿತು. ಏಳು ಗೋಲು! ಅವತ್ತು ಅಭಿಮಾನಿಗಳ ಮನಸ್ಸಿನಲ್ಲಿ ಆಗಸ್ಟಿನ ಪ್ರಶಸ್ತಿ ಉಳಿದಿರಲಿಲ್ಲ. ಮೇ ತಿಂಗಳಿಗೆ ಲೆಕ್ಕ ಮುಗಿದಾಗ 38 ಪಂದ್ಯಗಳಿಂದ 61 ಅಂಕ, 8ನೇ ಸ್ಥಾನ. ಹಿಂದಿನ ವರ್ಷ 11ನೆಯದಾಗಿತ್ತು. ಆಗಸ್ಟಿನಲ್ಲಿ ಆಕಾಶಕ್ಕೇರಿಸಿದ್ದೂ ಫೆಬ್ರುವರಿಯಲ್ಲಿ ಪಾತಾಳಕ್ಕೆ ನೂಕಿದ್ದೂ ಎರಡೂ ಜಾಸ್ತಿಯೇ ಆಗಿತ್ತು.

ಕಾಯುವವರ ಲೆಕ್ಕ

ಫರ್ಗುಸನ್ 1986ರ ನವೆಂಬರಿನಲ್ಲಿ ಯುನೈಟೆಡ್‌ಗೆ ಬಂದರು. ಮೊದಲ ಕಪ್ 1990ರಲ್ಲಿ, ಮೊದಲ ಲೀಗ್ 1993ರಲ್ಲಿ. ಅರ್ಟೆಟಾ ಬಂದಾಗ 37. ಮೊದಲ ವರ್ಷವೇ ಎಫ್‌ಎ ಕಪ್ ಗೆದ್ದರೂ ಲೀಗಿನಲ್ಲಿ ಸತತ ಎರಡು ಸಲ 8ನೇ ಸ್ಥಾನ. 2ನೇ ಸ್ಥಾನಕ್ಕೆ ಏರಿದ್ದು 2022-23ರಲ್ಲಿ. ಎಲ್ಲ ಕ್ಲಬ್ಬುಗಳಿಗೂ ಇಷ್ಟು ತಾಳ್ಮೆ ಇಲ್ಲ. ನಾಗೆಲ್ಸ್‌ಮಾನ್ ಬಯರ್ನ್ ಮ್ಯೂನಿಕ್‌ಗೆ ಹೋಗಿ ಮೊದಲ ವರ್ಷವೇ ಲೀಗ್ ಗೆಲ್ಲಿಸಿದ. ಮರುವರ್ಷ ಮಾರ್ಚಿನಲ್ಲಿ ತಂಡ 2ನೇ ಸ್ಥಾನದಲ್ಲಿದ್ದಾಗ, ಮೇಲಿನವರಿಗಿಂತ ಒಂದೇ ಅಂಕ ಹಿಂದಿದ್ದಾಗ, ಮನೆಗೆ ಕಳಿಸಿದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಜರ್ಮನಿಯ ರಾಷ್ಟ್ರೀಯ ತಂಡವೇ ಅವನ ಕೈಗೆ ಬಂತು.

ಮಾಜಾಳಿ ಗಡಿಯ ಆಚೆ, ಘಟ್ಟದ ಮೇಲೆ

ಕಾರವಾರದವರಿಗೆ ಫುಟ್ಬಾಲ್ ಅಂದರೆ ಬರೀ ಇಂಗ್ಲೆಂಡಲ್ಲ. ಗೋವಾ ಗಡಿಯ ಮಾಜಾಳಿ ದಾಟಿ ಕಾಣಕೋಣದ ಮೇಲೆ ಹೋದರೆ ಮಡಗಾಂವ್, ಅಲ್ಲಿ ಫಾತೋರ್ಡಾ ಕ್ರೀಡಾಂಗಣ. ಆ ಗೋವೆಯ ನೆಲದ ಕ್ಲಿಫರ್ಡ್ ಮಿರಾಂಡಾ 2023ರ ಏಪ್ರಿಲ್‌ನಲ್ಲಿ ಒಡಿಶಾ ಎಫ್‌ಸಿಯ ಹಂಗಾಮಿ ಕೋಚ್ ಆಗಿ ಸೂಪರ್ ಕಪ್ ಗೆದ್ದರು. ಹಂಗಾಮಿ ಅಂದರೆ ಕಾಯಂ ಕೋಚ್ ಸಿಗುವವರೆಗೆ ನಡೆಸಿಕೊಂಡು ಹೋಗುವವನು. ವಯಸ್ಸು 40. ಫೈನಲ್ಲಿನಲ್ಲಿ ಸೋತದ್ದು, ಹೇಳಲು ಬೇಸರ, ನಮ್ಮ ಬೆಂಗಳೂರು ಎಫ್‌ಸಿ.

ಆ ಬೆಂಗಳೂರಿನ ಕಥೆಯೂ ಎಳೆಯ ಕೋಚ್‌ನಿಂದಲೇ ಶುರು. 2013ರಲ್ಲಿ ಕ್ಲಬ್ಬು ಹುಟ್ಟಿದಾಗ ಕೋಚ್ ಆಗಿ ಬಂದ ಆ್ಯಶ್ಲಿ ವೆಸ್ಟ್‌ವುಡ್‌ಗೆ ಮೂವತ್ತೇಳರ ಆಸುಪಾಸು, ಮುಖ್ಯ ಕೋಚ್ ಆಗಿ ಹೆಸರು ಮಾಡಿದವನೇನಲ್ಲ. ಸುನಿಲ್ ಛೆತ್ರಿ ನಾಯಕತ್ವದಲ್ಲಿ ಮೊದಲ ಸೀಸನ್ನಿನಲ್ಲೇ, ಆಗ ದೇಶದ ಅಗ್ರ ಲೀಗ್ ಆಗಿದ್ದ ಐ-ಲೀಗ್ ಗೆದ್ದರು. ಅಲ್ಲಿ ಹಳೆಯ ತಂಡ, ಹಳೆಯ ಅಭ್ಯಾಸ ಯಾವುದೂ ಇರಲಿಲ್ಲ. ಖಾಲಿ ಹಲಗೆಯ ಮೇಲೆ ಬರೆಯುವ ಅವಕಾಶ ಎಲ್ಲ ಹೊಸ ಕೋಚ್‌ಗೂ ಸಿಗುವುದಿಲ್ಲ.

ಆಗಸ್ಟಿನಲ್ಲಿ ಏನು ನೋಡಬೇಕು?

ಬೋಟುಗಳು ಕಡಲಿಗಿಳಿದ ಮೇಲೆ ಎರಡು-ಮೂರು ವಾರ ಬಿಟ್ಟು ಪ್ರೀಮಿಯರ್ ಲೀಗೂ ಶುರುವಾಗುತ್ತದೆ. ಹುಡುಗನ ಜೊತೆ ಕೂತು ನೋಡುವ ಮಾಸ್ತರರಿಗೆ ನಾನು ಹೇಳಿದ್ದಿಷ್ಟು. ಗೋಲಿನ ಲೆಕ್ಕ ಆಮೇಲೆ. ಮೊದಲು ಚೆಂಡು ಕಳೆದುಕೊಂಡ ಮುಂದಿನ ಐದು ಸೆಕೆಂಡು ನೋಡಿ. ಎಲ್ಲರೂ ಒಟ್ಟಿಗೆ ಮುತ್ತುತ್ತಾರೋ, ಇಬ್ಬರು ಓಡಿ ಉಳಿದವರು ಸೊಂಟಕ್ಕೆ ಕೈಯಿಟ್ಟು ನಿಲ್ಲುತ್ತಾರೋ? ಹಿರಿಯ ಆಟಗಾರನನ್ನು ಹೊರಗೆ ಕರೆದಾಗ ಅವನು ಕೋಚ್‌ನ ಕೈಕುಲುಕುತ್ತಾನೋ, ನೇರ ಒಳಗೆ ನಡೆಯುತ್ತಾನೋ? ಕ್ಲಬ್ಬಿನ ಸ್ವಂತ ಅಕಾಡೆಮಿಯ ಹುಡುಗರಿಗೆ ಕೊನೆಯ ಐದು ನಿಮಿಷ ಸಿಗುತ್ತದೋ, ಮೊದಲ ಹನ್ನೊಂದರಲ್ಲಿ ಜಾಗ ಸಿಗುತ್ತದೋ? ಕಾರ್ನರ್, ಫ್ರೀ ಕಿಕ್‌ಗಳಲ್ಲಿ ಏನಾದರೂ ಹೊಸ ಉಪಾಯ ಕಾಣುತ್ತದೋ? ಹೀಗೆ ನಿಂತ ಚೆಂಡಿನಿಂದ ಶುರುವಾಗುವ ಆಟದ ತರಬೇತಿಗೆಂದೇ ಈಗ ಬೇರೆ ಕೋಚ್‌ಗಳಿದ್ದಾರೆ. ಮಿಕ್ಕದ್ದಕ್ಕಿಂತ ಬೇಗ ಫಲ ಕೊಡುವುದೂ ಅದೇ.

ಮಾಸ್ತರರು ಎಲ್ಲ ಕೇಳಿಸಿಕೊಂಡು ಕೊನೆಗೆ ಕೇಳಿದ್ದು ಒಂದೇ: "ಪಂದ್ಯ ಎಷ್ಟೊತ್ತಿಗೆ?"

"ಶನಿವಾರ ಸಂಜೆ ಏಳೂವರೆಗೆ ಮಾಮ. ಚಳಿಗಾಲದಲ್ಲಿ ಎಂಟೂವರೆ. ವಾರದ ನಡುವೆ ಇದ್ರೆ ಮಧ್ಯರಾತ್ರಿ."

"ಏಳೂವರೆದು ನೋಡ್ತೆ. ಮಧ್ಯರಾತ್ರಿದು ನೀನೇ ನೋಡ್ಕೋ, ಬೆಳಿಗ್ಗೆ ಬಂದು ಹೇಳು."